ಕಿತ್ತಳೆ ಏರಿದ್ದು ಯಾವಾಗ, ಇಳಿದದ್ದು ಯಾವಾಗ?

ಅಮೆರಿಕ ಸರ್ಕಾರ 2002ರಿಂದ 2011ರವರೆಗೆ ಭಯೋತ್ಪಾದನೆಯ ಅಪಾಯವನ್ನು ಐದು ಬಣ್ಣಗಳಲ್ಲಿ ಅಳೆದು ಜನರ ಮುಂದಿಡುತ್ತಿತ್ತು: ಹಸಿರು, ನೀಲಿ, ಹಳದಿ, ಕಿತ್ತಳೆ, ಕೆಂಪು. ಆ ಪದ್ಧತಿಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಎರಡು ಪ್ಯಾರಾ ಬರೆದದ್ದಕ್ಕೆ ಪತ್ರಗಳು ಬಂದಿವೆ. ಬೈದು ಬರೆದವರೂ ಇದ್ದಾರೆ. ಅವರ ಪತ್ರವನ್ನೂ ಸೇರಿಸಿಕೊಂಡಿದ್ದೇನೆ.

ಪ್ರಶ್ನೆ: ಚುನಾವಣೆ ಗೆಲ್ಲುವುದಕ್ಕಾಗಿ ಬುಷ್ ಸರ್ಕಾರ ಬೇಕೆಂದಾಗ ಬಣ್ಣ ಏರಿಸುತ್ತಿತ್ತು ಎಂದು ಆಗಲೇ ಕೇಳಿದ್ದೆ. ಅದು ನಿಜವೋ, ಸೋತವರ ಗೊಣಗಾಟವೋ? ಪುರಾವೆ ಏನಾದರೂ ಇದೆಯೇ?
— ನಿವೃತ್ತ ಮುಖ್ಯೋಪಾಧ್ಯಾಯರು, ತೀರ್ಥಹಳ್ಳಿ

ಉತ್ತರ: ಮೇಷ್ಟ್ರೇ, ಹೌದು ಎಂದೋ ಅಲ್ಲ ಎಂದೋ ಒಂದೇ ಪದದಲ್ಲಿ ಹೇಳಿ ಮುಗಿಸಬಹುದಾದ ಪ್ರಶ್ನೆಯಲ್ಲ ಇದು. 2004ರ ಎರಡು ಘಟನೆಗಳನ್ನು ಮುಂದಿಡುತ್ತೇನೆ, ನೀವೇ ತೂಗಿ ನೋಡಿ.

ಮೊದಲನೆಯದು ಆಗಸ್ಟ್ 1ರದು. ಡೆಮಾಕ್ರಟಿಕ್ ಪಕ್ಷದ ಬಾಸ್ಟನ್ ಸಮಾವೇಶದಲ್ಲಿ ಜಾನ್ ಕೆರಿ ಅಭ್ಯರ್ಥಿತನ ಒಪ್ಪಿಕೊಂಡು ಭಾಷಣ ಮಾಡಿದ್ದು ಜುಲೈ 29ರ ರಾತ್ರಿ. ಮೂರನೆಯ ದಿನ, ಭಾನುವಾರ, ಆಂತರಿಕ ಭದ್ರತಾ ಇಲಾಖೆಯ ಕಾರ್ಯದರ್ಶಿ ಟಾಮ್ ರಿಡ್ಜ್ ಮೈಕಿನ ಮುಂದೆ ಬಂದು ಹಣಕಾಸು ವಲಯಕ್ಕೆ ಕಿತ್ತಳೆ ಎಚ್ಚರಿಕೆ ಹೊರಡಿಸಿದರು. ಈ ಸಲ ಕಟ್ಟಡಗಳ ಹೆಸರೇ ಹೇಳಿದರು: ನ್ಯೂಯಾರ್ಕ್ ಷೇರುಪೇಟೆ, ಸಿಟಿಗ್ರೂಪ್, ನ್ಯೂಆರ್ಕ್‌ನ ಪ್ರುಡೆನ್ಷಿಯಲ್, ವಾಷಿಂಗ್ಟನ್‌ನ ವಿಶ್ವಬ್ಯಾಂಕ್ ಮತ್ತು ಐಎಂಎಫ್. ಇಷ್ಟು ಖಚಿತ ಮಾಹಿತಿ ಸಿಗುತ್ತಿರುವುದು ಭಯೋತ್ಪಾದನೆಯ ವಿರುದ್ಧದ ಯುದ್ಧದಲ್ಲಿ ಅಧ್ಯಕ್ಷರು ತೋರಿದ ನಾಯಕತ್ವದಿಂದ ಎಂಬ ಮಾತನ್ನೂ ಸೇರಿಸಿದರು. ಭದ್ರತಾ ಪ್ರಕಟಣೆಯಲ್ಲಿ ಆ ವಾಕ್ಯಕ್ಕೆ ಏನು ಕೆಲಸವಿತ್ತು? ಎರಡು ದಿನ ಕಳೆಯುವುದರೊಳಗೆ ಪತ್ರಿಕೆಗಳು ಇನ್ನೊಂದು ಸಂಗತಿ ಹೊರಹಾಕಿದವು. ಆ ಕಟ್ಟಡಗಳನ್ನು ಹೊಂಚುಹಾಕಿ ನೋಡಿ ಬರೆದ ಟಿಪ್ಪಣಿಗಳಲ್ಲಿ ಹೆಚ್ಚಿನವು 2001ರ ಸೆಪ್ಟೆಂಬರ್ 11ಕ್ಕೂ ಮೊದಲಿನವು, ಮೂರು-ನಾಲ್ಕು ವರ್ಷ ಹಳೆಯವು.

ಇಷ್ಟಕ್ಕೇ ನಿಲ್ಲಿಸಿದರೆ ಸರ್ಕಾರ ನಾಟಕವಾಡಿತು ಎನ್ನಿಸುತ್ತದೆ. ಆಗ ಹಲವರು ನಿಲ್ಲಿಸಿದ್ದೂ ಇಲ್ಲಿಗೇ. ಆದರೆ ಟಿಪ್ಪಣಿಗಳು ಖೊಟ್ಟಿಯಲ್ಲ. ಅವು ಸಿಕ್ಕಿದ್ದು ಆ ಜುಲೈನಲ್ಲಿ ಲಾಹೋರಿನಲ್ಲಿ ಬಂಧಿತನಾದ ಅಲ್-ಖೈದಾದ ಕಂಪ್ಯೂಟರ್ ತಂತ್ರಜ್ಞನೊಬ್ಬನ ಬಳಿ. ಬರೆದವನು ಧೀರೇನ್ ಬರೋಟ್. ಹುಟ್ಟಿದ್ದು ನಮ್ಮ ವಡೋದರದಲ್ಲಿ, ಬೆಳೆದದ್ದು ಲಂಡನ್ನಿನಲ್ಲಿ, ಆಮೇಲೆ ಮತಾಂತರಗೊಂಡು ಅಲ್-ಖೈದಾ ಸೇರಿದವನು. ಆಗಸ್ಟ್ 3ರಂದು ಲಂಡನ್ನಿನಲ್ಲಿ ಸೆರೆಸಿಕ್ಕ. 2006ರಲ್ಲಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ಜೀವಾವಧಿ ಶಿಕ್ಷೆಗೆ ಗುರಿಯಾದ. ಸಂಚು ನಿಜ, ಅದನ್ನು ಹೊರಗೆಡಹಿದ ಗಳಿಗೆ, ಜೊತೆಗೆ ಸೇರಿಸಿದ ಆ ಒಂದು ವಾಕ್ಯ ರಾಜಕೀಯದ ವಾಸನೆಯವು. ಇನ್ನೊಂದು ಹಾನಿಯೂ ಆಯಿತು. ಎಚ್ಚರಿಕೆಯ ಗದ್ದಲದ ನಡುವೆ ಲಾಹೋರಿನ ಆ ಬಂಧಿತನ ಹೆಸರು ಪತ್ರಿಕೆಗೆ ಸೋರಿತು. ಅವನನ್ನು ಮುಂದಿಟ್ಟುಕೊಂಡು ಉಳಿದವರ ಜಾಡು ಹಿಡಿಯುತ್ತಿದ್ದ ತನಿಖೆಗೆ ಕಲ್ಲುಬಿತ್ತು.

ಆ ಕಿತ್ತಳೆ ಇಳಿದದ್ದು ನವೆಂಬರ್ 10ಕ್ಕೆ. ಮತದಾನ ನಡೆದದ್ದು ನವೆಂಬರ್ 2ಕ್ಕೆ. ಕಾಗೆ ಕೂತಿದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಸರಿಹೋಯಿತು ಎನ್ನುವವರು ಹಾಗೇ ಅನ್ನಲಿ.

ಎರಡನೆಯದು ಹೆಚ್ಚು ಗಟ್ಟಿ ಪುರಾವೆ, ಏಕೆಂದರೆ ಅದು ಒಳಗಿನವರ ಬಾಯಿಂದಲೇ ಬಂದದ್ದು. ಅಕ್ಟೋಬರ್ 29ರ ಶುಕ್ರವಾರ ಬಿನ್ ಲಾಡೆನ್‌ನ ವಿಡಿಯೊ ಅಲ್-ಜಝೀರಾದಲ್ಲಿ ಪ್ರಸಾರವಾಯಿತು. ಮತದಾನಕ್ಕೆ ಉಳಿದಿದ್ದು ನಾಲ್ಕೇ ದಿನ. ಆ ವಾರಾಂತ್ಯದ ಸಭೆಯಲ್ಲಿ ಅಟಾರ್ನಿ ಜನರಲ್ ಜಾನ್ ಆಶ್‌ಕ್ರಾಫ್ಟ್ ಮತ್ತು ರಕ್ಷಣಾ ಕಾರ್ಯದರ್ಶಿ ಡೊನಾಲ್ಡ್ ರಮ್ಸ್‌ಫೆಲ್ಡ್ ಇಡೀ ದೇಶದ ಬಣ್ಣ ಏರಿಸಬೇಕೆಂದು ಪಟ್ಟುಹಿಡಿದರು, ತಾವು ಒಪ್ಪಲಿಲ್ಲ, ಇದು ಭದ್ರತೆಯ ಮಾತೋ ರಾಜಕೀಯದ ಮಾತೋ ಎಂಬ ಅನುಮಾನ ತಮಗೆ ಬಂತು ಎಂದು ರಿಡ್ಜ್ 2009ರ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಪುಸ್ತಕ ಹೊರಬಂದ ಮೇಲೆ ಟೀವಿ ಸಂದರ್ಶನಗಳಲ್ಲಿ ಆ ಮಾತಿನ ಕಾವು ಸ್ವಲ್ಪ ತಗ್ಗಿಸಿದರು. ಅಧ್ಯಕ್ಷರ ಭದ್ರತಾ ಸಲಹೆಗಾರ್ತಿಯಾಗಿದ್ದ ಫ್ರಾನ್ಸಿಸ್ ಟೌನ್‌ಸೆಂಡ್ ಆ ಸಭೆಯಲ್ಲಿ ರಾಜಕೀಯದ ಪ್ರಸ್ತಾಪವೇ ಆಗಲಿಲ್ಲ ಎಂದರು. ಅಂತೂ ಅಂದು ಬಣ್ಣ ಏರಲಿಲ್ಲ, ಬುಷ್ ಗೆದ್ದರು.

ಆ ಸಭೆಯಲ್ಲಿ ಯಾರೂ ಚುನಾವಣೆ ಎಂಬ ಪದ ಎತ್ತಿರಲಾರರು ಎಂದೇ ನನಗೂ ಅನ್ನಿಸುತ್ತದೆ. ಎತ್ತುವ ಅಗತ್ಯವೂ ಇರಲಿಲ್ಲ. ಕೋಣೆಯಲ್ಲಿದ್ದ ಎಲ್ಲರಿಗೂ ಕ್ಯಾಲೆಂಡರ್ ಗೊತ್ತಿತ್ತು.

ಪ್ರಶ್ನೆ: ಹಸಿರು, ನೀಲಿ ಬಣ್ಣ ಎಂದಾದರೂ ಬಂದಿತ್ತೇ? ಕೆಂಪು?
— ಪಿಯುಸಿ ವಿದ್ಯಾರ್ಥಿನಿ, ಹಾಸನ

ಉತ್ತರ: ದೇಶದ ಮಟ್ಟದಲ್ಲಿ ಹಸಿರು, ನೀಲಿ ಒಂದು ದಿನವೂ ಬರಲಿಲ್ಲ. ಶುರುವಾದದ್ದೇ ಹಳದಿಯಿಂದ. ಕೆಂಪು ಬಂದದ್ದು ಒಮ್ಮೆ ಮಾತ್ರ, 2006ರ ಆಗಸ್ಟ್‌ನಲ್ಲಿ, ಬ್ರಿಟನ್ನಿನಿಂದ ಅಮೆರಿಕಕ್ಕೆ ಹಾರುವ ವಿಮಾನಗಳಿಗೆ. ದ್ರವ ಸ್ಫೋಟಕದಿಂದ ವಿಮಾನ ಉರುಳಿಸುವ ಸಂಚು ಲಂಡನ್ನಿನಲ್ಲಿ ಬಯಲಾದ ಸಂದರ್ಭ ಅದು. ವಿಮಾನ ಹತ್ತುವಾಗ ಇವತ್ತಿಗೂ ನಿಮ್ಮ ಕೈಯಿಂದ ಶಾಂಪೂ ಬಾಟಲಿ ಕಿತ್ತುಕೊಳ್ಳುವುದು ಅದರ ದೆಸೆಯಿಂದಲೇ.

ಪ್ರಶ್ನೆ: 2004ರಲ್ಲಿ ನನ್ನ ಮಗಳು ನ್ಯೂಜೆರ್ಸಿಯ ನ್ಯೂಆರ್ಕ್‌ನಲ್ಲಿ ಕೆಲಸದಲ್ಲಿದ್ದಳು. ಟೀವಿಯಲ್ಲಿ ಆ ಊರಿನ ಹೆಸರು ಕೇಳಿ ರಾತ್ರಿಯೆಲ್ಲ ನಿದ್ದೆ ಇಲ್ಲ. ಫೋನ್ ಮಾಡಿ ರಜೆ ಹಾಕು ಎಂದೆ. 'ಆಫೀಸಿಗೆ ಬನ್ನಿ ಅಂತಲೇ ಹೇಳಿದ್ದಾರಮ್ಮ' ಎಂದು ನಕ್ಕಳು. ನಾನೇ ದಡ್ಡಿಯಾದೆನೇ?
— ಗೃಹಿಣಿ, ಮೈಸೂರು

ಉತ್ತರ: ಇಲ್ಲಮ್ಮ, ದಡ್ಡತನ ನಿಮ್ಮದಲ್ಲ. ಕಟ್ಟಡದ ಹೆಸರು ಹಿಡಿದು ಸ್ಫೋಟದ ಬೆದರಿಕೆ ಇದೆ ಎನ್ನುವುದು, ಅದೇ ಉಸಿರಿನಲ್ಲಿ ಎಂದಿನಂತೆ ಕೆಲಸಕ್ಕೆ ಹೋಗಿ ಎನ್ನುವುದು: ಇದನ್ನು ಕೇಳಿದ ಯಾವ ತಾಯಿಯಾದರೂ ಫೋನೇ ಎತ್ತುತ್ತಾಳೆ. ನ್ಯೂಆರ್ಕ್‌ನಲ್ಲಿ ಪೊಲೀಸರು ರೈಫಲ್ ಹಿಡಿದು ಪ್ರುಡೆನ್ಷಿಯಲ್ ಕಟ್ಟಡದ ಮುಂದೆ ನಿಂತಿದ್ದರು, ರಸ್ತೆಗೆ ತಡೆಗೋಡೆ ಬಿದ್ದಿತ್ತು. ನಿಮ್ಮ ಮಗಳು ಅವನ್ನೆಲ್ಲ ದಾಟಿಕೊಂಡೇ ಹೋಗಿರಬೇಕು. ನಿಮಗೆ ಹೇಳಲಿಲ್ಲ, ಅಷ್ಟೇ.

ಜನ ಏನು ಮಾಡಬೇಕು ಎಂಬುದನ್ನು ಹೇಳಲು ಸರ್ಕಾರ ಒಮ್ಮೆ ಪ್ರಯತ್ನಪಟ್ಟಿತ್ತು. ಅದು ಇನ್ನೂ ತಮಾಷೆ. 2003ರ ಫೆಬ್ರವರಿ 5ರಂದು ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯಲ್ಲಿ ಇರಾಕಿನ ವಿರುದ್ಧ ತಮ್ಮ ವಾದ ಮಂಡಿಸಿದರು. 7ಕ್ಕೆ ಬಣ್ಣ ಕಿತ್ತಳೆಗೆ ಏರಿತು. 10ಕ್ಕೆ ಅಧಿಕಾರಿಗಳು ಮನೆಯಲ್ಲಿ ಇರಿಸಿಕೊಳ್ಳಬೇಕಾದ ಸಾಮಾನಿನ ಪಟ್ಟಿ ಕೊಟ್ಟರು. ಮೂರು ದಿನಕ್ಕಾಗುವಷ್ಟು ನೀರು, ಊಟ, ಬ್ಯಾಟರಿ, ರೇಡಿಯೊ, ಜೊತೆಗೆ ಪ್ಲಾಸ್ಟಿಕ್ ಹಾಳೆ ಮತ್ತು ಡಕ್ಟ್ ಟೇಪ್. ವಿಷಾನಿಲ ಬಿಟ್ಟರೆ ಒಂದು ಕೋಣೆಯ ಕಿಟಕಿ-ಬಾಗಿಲಿಗೆ ಹಾಳೆ ಅಂಟಿಸಿ ಒಳಗೆ ಕೂರಬೇಕಂತೆ. ವಾಷಿಂಗ್ಟನ್ ಸುತ್ತಲಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಟೇಪಿನ ಸುರುಳಿಗಳು ನೋಡನೋಡುತ್ತಿದ್ದಂತೆ ಖಾಲಿ. ಕನೆಕ್ಟಿಕಟ್‌ನಲ್ಲಿ ಒಬ್ಬ ಪುಣ್ಯಾತ್ಮ ತನ್ನ ಇಡೀ ಮನೆಗೇ ಹೊರಗಿನಿಂದ ಪ್ಲಾಸ್ಟಿಕ್ ಹೊದಿಸಿಬಿಟ್ಟ. ವಾರ ತುಂಬುವುದರೊಳಗೆ ರಿಡ್ಜ್ ಮತ್ತೆ ಕ್ಯಾಮೆರಾ ಮುಂದೆ ಬಂದು, ಈಗಲೇ ಯಾರೂ ಬಾಗಿಲು-ಕಿಟಕಿ ಮುಚ್ಚಬೇಡಿ, ಸಾಮಾನು ತಂದಿಟ್ಟುಕೊಳ್ಳಿ ಎಂದದ್ದಷ್ಟೇ ಎಂದು ಕೇಳಿಕೊಳ್ಳಬೇಕಾಯಿತು. ತಿಂಗಳ ಕೊನೆಗೆ ಬಣ್ಣ ಹಳದಿಗೆ ಇಳಿಯಿತು. ಮಾರ್ಚ್ 17ಕ್ಕೆ, ಸದ್ದಾಂಗೆ ಬುಷ್ 48 ಗಂಟೆಗಳ ಗಡುವು ಕೊಟ್ಟ ದಿನ, ಮತ್ತೆ ಕಿತ್ತಳೆ.

ಪ್ರಶ್ನೆ: ಎಚ್ಚರಿಕೆ ಕೊಟ್ಟರೆ ನಾಯಕನ ಜನಪ್ರಿಯತೆ ನಿಜಕ್ಕೂ ಏರುತ್ತದೆಯೇ? ಅಂಕಿ-ಅಂಶ ಇದ್ದರೆ ತಿಳಿಸಿ.
— ರಾಜ್ಯಶಾಸ್ತ್ರ ಎಂ.ಎ. ವಿದ್ಯಾರ್ಥಿ, ಧಾರವಾಡ

ಉತ್ತರ: ಆಗ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಸಮಾಜಶಾಸ್ತ್ರಜ್ಞ ರಾಬ್ ವಿಲ್ಲರ್ ಇದನ್ನೇ ಲೆಕ್ಕಹಾಕಿ 2004ರಲ್ಲಿ ಪ್ರಕಟಿಸಿದರು. 2001ರಿಂದ 2004ರವರೆಗಿನ ಎಚ್ಚರಿಕೆಗಳನ್ನು ಗ್ಯಾಲಪ್ ಸಮೀಕ್ಷೆಗಳ ಪಕ್ಕದಲ್ಲಿಟ್ಟು ನೋಡಿದರೆ, ಒಂದೊಂದು ಎಚ್ಚರಿಕೆಯ ಬೆನ್ನಿಗೂ ಬುಷ್‌ಗೆ ಸರಾಸರಿ 2.75 ಅಂಕ ಏರಿತ್ತು. ಸ್ವಾರಸ್ಯ ಎಂದರೆ ಆರ್ಥಿಕತೆಯನ್ನು ಅವರು ನಿಭಾಯಿಸುತ್ತಿದ್ದ ರೀತಿಗೂ ಮೆಚ್ಚುಗೆ ಹೆಚ್ಚಿತ್ತು. ಬಾಂಬಿನ ಭಯಕ್ಕೂ ಆರ್ಥಿಕತೆಗೂ ಏನು ನಂಟು? ಹೆದರಿದವರು ನಾಯಕನನ್ನು ಒಟ್ಟಾರೆ ಒಪ್ಪಿಕೊಳ್ಳುತ್ತಾರೆ, ಇಲಾಖೆವಾರು ಒಪ್ಪುವುದಿಲ್ಲ.

ಆದರೆ ಈ ಅಂಕಿ ಹಿಡಿದು ಉದ್ದೇಶ ಸಾಬೀತಾಯಿತು ಎಂದು ಪ್ರಬಂಧದಲ್ಲಿ ಬರೆಯಬೇಡಿ. ಲಾಭವಾಯಿತು ಎನ್ನುವುದು ಒಂದು, ಲಾಭಕ್ಕಾಗಿಯೇ ಮಾಡಿದರು ಎನ್ನುವುದು ಇನ್ನೊಂದು. ಲಾಭ ಬಾಳಿದ್ದೂ ಅಷ್ಟಕ್ಕಷ್ಟೇ: ಸೆಪ್ಟೆಂಬರ್ 11ರ ದಾಳಿಯ ನಂತರ 90ಕ್ಕೆ ಜಿಗಿದಿದ್ದ ಬುಷ್ ಅವರ ಅಂಕ ಮೂರು ವರ್ಷದಲ್ಲಿ 50ರ ಆಸುಪಾಸಿಗೆ ಬಂದಿತ್ತು, ಈ ಎಲ್ಲ ಕಿತ್ತಳೆಗಳ ನಡುವೆಯೂ.

ಬ್ರಿಗಿಟೆ ನಾಕೊಸ್ ಮತ್ತು ಸಂಗಡಿಗರ ಅಧ್ಯಯನವನ್ನೂ ಓದಿ. ಬಣ್ಣ ಏರಿದಾಗ ಟೀವಿ ಜಾಲಗಳು ಅದನ್ನು ದೊಡ್ಡ ಸುದ್ದಿಯಾಗಿ ಸಾರಿದವು, ಇಳಿದಾಗ ಮೂಲೆಯಲ್ಲಿಟ್ಟವು ಎಂದು ಅವರು ತೋರಿಸಿದ್ದಾರೆ. ಹೀಗಾಗಿ ಭಯ ಬಂದ ಸುದ್ದಿ ಮನೆಮನೆಗೂ ತಲುಪಿತು, ಹೋದ ಸುದ್ದಿ ತಲುಪಲಿಲ್ಲ. ಪಾಪ ಸರ್ಕಾರದ್ದೊಂದೇ ಅಲ್ಲ.

ಸರ್ಕಾರ ಕೈಸುಟ್ಟುಕೊಂಡ ಉದಾಹರಣೆಗೆ ಸ್ಪೇನ್ ನೋಡಿ. 2004ರ ಮಾರ್ಚ್ 11ರಂದು ಮ್ಯಾಡ್ರಿಡ್‌ನ ನಾಲ್ಕು ಲೋಕಲ್ ರೈಲುಗಳಲ್ಲಿ ಬಾಂಬ್ ಸಿಡಿದು 190ಕ್ಕೂ ಹೆಚ್ಚು ಜನ ಸತ್ತರು. ಚುನಾವಣೆ ಇದ್ದದ್ದು 14ಕ್ಕೆ. ಇದು ಬಾಸ್ಕ್ ಪ್ರತ್ಯೇಕತಾವಾದಿಗಳಾದ 'ಎಟಾ'ದ ಕೆಲಸ ಎಂದು ಪ್ರಧಾನಿ ಅಜ್ನಾರ್ ಅವರ ಸರ್ಕಾರ ಹಟ ಹಿಡಿಯಿತು, ಏಕೆಂದರೆ ಜಿಹಾದಿಗಳ ಕೆಲಸ ಎಂದು ಒಪ್ಪಿದರೆ ಇರಾಕ್ ಯುದ್ಧಕ್ಕೆ ಸೈನ್ಯ ಕಳಿಸಿದ್ದರ ಲೆಕ್ಕ ಕೊಡಬೇಕಾಗುತ್ತಿತ್ತು. ಮೂರೇ ದಿನದಲ್ಲಿ ಸುಳಿವುಗಳೆಲ್ಲ ಜಿಹಾದಿಗಳತ್ತ ತಿರುಗಿದವು. ಅಲ್ಲಿಯವರೆಗೆ ಸಮೀಕ್ಷೆಗಳಲ್ಲಿ ಮುಂದಿದ್ದ ಪಕ್ಷ ಸೋತು ಮನೆಗೆ ಹೋಯಿತು.

ಪ್ರಶ್ನೆ: ಆರಾಮಾಗಿ ಕೂತು ಬರೆಯುವ ನಿಮ್ಮಂಥವರಿಗೆ ಎಲ್ಲವೂ ರಾಜಕೀಯ. ಗುಪ್ತಚರ ಮಾಹಿತಿ ಬಂದಿದೆ, ಹೇಳಲಿಲ್ಲ, ಮಾರನೆಯ ದಿನ ಬಾಂಬ್ ಸಿಡಿಯಿತು ಎಂದುಕೊಳ್ಳಿ. ಮೊದಲು ಬೈಯುವವರು ನೀವೇ. ಹೇಳಿದರೆ ಹೆದರಿಸಿದರು ಅನ್ನುತ್ತೀರಿ, ಹೇಳದಿದ್ದರೆ ಮುಚ್ಚಿಟ್ಟರು ಅನ್ನುತ್ತೀರಿ. ನಾವು ಮಾಡುವುದೇನು?
— ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರ್, ಹುಬ್ಬಳ್ಳಿ

ಉತ್ತರ: ಸಾಹೇಬರೇ, ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ವಿಷಯದ ಬುಡಕ್ಕೆ ಕೈಹಾಕಿದ್ದು ನಿಮ್ಮದೇ. ವೋಟಿನ ಆಸೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನ್ನ ಲೆಕ್ಕದಲ್ಲಿ ಅದಕ್ಕಿಂತ ಬಲವಾದ ರಾಜಕೀಯ ಕಾರಣ ನೀವು ಹೇಳಿದ್ದೇ: ನಾಳೆ ತಲೆದಂಡವಾದೀತು ಎಂಬ ಅಂಜಿಕೆ.

ಬುಷ್ ಸರ್ಕಾರದ ತಲೆಯ ಮೇಲೆ ಒಂದು ಕಾಗದ ತೂಗುತ್ತಿತ್ತು. ಬಿನ್ ಲಾಡೆನ್ ಅಮೆರಿಕದೊಳಗೇ ಹೊಡೆಯಲು ನಿಶ್ಚಯಿಸಿದ್ದಾನೆ ಎಂಬರ್ಥದ ಶೀರ್ಷಿಕೆಯ ಗುಪ್ತಚರ ಟಿಪ್ಪಣಿ 2001ರ ಆಗಸ್ಟ್ 6ರಂದು, ರಜೆಯಲ್ಲಿದ್ದ ಅಧ್ಯಕ್ಷರ ಕೈಸೇರಿತ್ತು. ಐದು ವಾರಕ್ಕೆ ಗೋಪುರಗಳು ಕುಸಿದವು. ಒಮ್ಮೆ ಹಾಗೆ ಸಿಕ್ಕಿಬಿದ್ದವರು ಮುಂದೆ ಬಂದ ಚೂರುಪಾರು ಮಾಹಿತಿಯನ್ನೆಲ್ಲ ಜನರ ಮುಂದೆ ಸುರಿಯುವುದು ಸಹಜ. ಬಣ್ಣ ಏರಿಸಿ ಏನೂ ಆಗದಿದ್ದರೆ ಎಚ್ಚರಿಕೆ ಕೆಲಸ ಮಾಡಿತು ಎನ್ನಬಹುದು. ಇಳಿಸಿದ ಮಾರನೆಯ ದಿನ ಏನಾದರೂ ಆದರೆ ಸಹಿ ಹಾಕಿದವನ ಕತೆ ಮುಗಿಯಿತು. ಹಸಿರು, ನೀಲಿ ಒಂದು ದಿನವೂ ಬಾರದಿದ್ದ ಗುಟ್ಟು ಇಷ್ಟೇ. ಇದರ ಬಿಲ್ಲು ಕಟ್ಟಿದವರು ವಾಷಿಂಗ್ಟನ್ನಿನವರಲ್ಲ. ಪೊಲೀಸರ ಓವರ್‌ಟೈಮ್, ಸೇತುವೆ ಕಾವಲು ಎಲ್ಲ ಊರೂರಿನ ನಗರಸಭೆಗಳ ತಲೆಗೆ. 2003ರ ಮಾರ್ಚ್‌ನಲ್ಲಿ, ಯುದ್ಧ ಮತ್ತು ಕಿತ್ತಳೆ ಜೊತೆಗೂಡಿದ್ದಾಗ, ನಗರಗಳಿಗೆ ವಾರಕ್ಕೆ ಸುಮಾರು 7 ಕೋಟಿ ಡಾಲರ್ ಹೆಚ್ಚುವರಿ ಖರ್ಚು ಬೀಳುತ್ತಿದೆ ಎಂದು ಅಲ್ಲಿನ ಮೇಯರ್‌ಗಳ ಒಕ್ಕೂಟ ಅಂದಾಜು ಮಾಡಿತ್ತು. ಬಂದೋಬಸ್ತಿಗೆ ನಿಂತವರ ಊಟ-ತಿಂಡಿಯ ಪಾಡು ನಿಮಗೇ ನನಗಿಂತ ಚೆನ್ನಾಗಿ ಗೊತ್ತು.

ಹೇಳದಿರುವುದೂ ರಾಜಕೀಯವೇ. ನಮ್ಮ ಮಗ್ಗುಲಲ್ಲೇ ಇರುವ ಉದಾಹರಣೆ ಶ್ರೀಲಂಕಾ. 2019ರ ಏಪ್ರಿಲ್ 4ರಿಂದಲೇ ಭಾರತ ಅವರಿಗೆ ಖಚಿತ ಸುಳಿವು ಕೊಟ್ಟಿತ್ತು. ಏಪ್ರಿಲ್ 11ರ ದಿನಾಂಕದ ಪೊಲೀಸ್ ಟಿಪ್ಪಣಿಯಲ್ಲಿ ಸಂಚಿನ ಮುಖಂಡನ ಹೆಸರೇ ಇತ್ತು. ಆದರೆ ಅಧ್ಯಕ್ಷ ಸಿರಿಸೇನ ಮತ್ತು ಪ್ರಧಾನಿ ವಿಕ್ರಮಸಿಂಘೆ ನಡುವೆ ಅದಾಗಲೇ ಆರು ತಿಂಗಳಿಂದ ಹಾವು-ಮುಂಗುಸಿ ವೈರ. ಪ್ರಧಾನಿಯನ್ನು ಭದ್ರತಾ ಮಂಡಳಿಯ ಸಭೆಗೇ ಕರೆಯುತ್ತಿರಲಿಲ್ಲ. ಮಾಹಿತಿ ಅಧಿಕಾರಿಗಳ ಮೇಜಿನಿಂದ ಮೇಜಿಗೆ ಹರಿದಾಡಿತೇ ಹೊರತು ಚರ್ಚುಗಳಿಗಾಗಲಿ ಹೋಟೆಲುಗಳಿಗಾಗಲಿ ತಲುಪಲಿಲ್ಲ. ಏಪ್ರಿಲ್ 21ರ ಈಸ್ಟರ್ ಬೆಳಿಗ್ಗೆ 260ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಕನ್ನಡಿಗರೂ ಇದ್ದರು: ಏಪ್ರಿಲ್ 18ರ ಲೋಕಸಭೆ ಮತದಾನದ ಓಡಾಟ ಮುಗಿಸಿ, ನಾಲ್ಕು ದಿನ ಹಾಯಾಗಿ ಇದ್ದು ಬರೋಣ ಎಂದು ಕೊಲಂಬೊಗೆ ಹೋಗಿದ್ದ ಬೆಂಗಳೂರು ಸುತ್ತಮುತ್ತಲಿನ ಜೆಡಿಎಸ್ ಕಾರ್ಯಕರ್ತರು. ಸಿರಿಸೇನ ತಮ್ಮ ಕೈಯಿಂದ 10 ಕೋಟಿ ಶ್ರೀಲಂಕಾ ರೂಪಾಯಿ ಪರಿಹಾರ ಕೊಡಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಆದೇಶಿಸಿತು.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಹೇಳಿ. ಆದರೆ ಊರಿಗೆಲ್ಲ ಡಂಗುರ ಸಾರುವ ಮೊದಲು ಆ ಚರ್ಚಿನ ಪಾದ್ರಿಗೆ, ಆ ಹೋಟೆಲಿನ ಮ್ಯಾನೇಜರಿಗೆ ಹೇಳಿ. ಹೇಳಿದ್ದು ಎಷ್ಟು ದಿನ ಉಳಿಯುತ್ತದೆ ಎಂಬುದನ್ನೂ ನೋಡಬೇಕು. 2008ರ ಮುಂಬೈ ದಾಳಿಗೂ ಮೊದಲು ತಾಜ್ ಹೋಟೆಲಿಗೆ ಎಚ್ಚರಿಕೆ ಬಂದಿತ್ತು, ಭದ್ರತೆ ಬಿಗಿಗೊಳಿಸಿ ಆಮೇಲೆ ಸಡಿಲಿಸಲಾಗಿತ್ತು ಎಂದು ರತನ್ ಟಾಟಾ ಅವರೇ ಹೇಳಿದ್ದರು.

ಪ್ರಶ್ನೆ: ಮಾಹಿತಿಯೇ ಪೂರ್ತಿ ಸುಳ್ಳಾಗಿದ್ದ ಎಚ್ಚರಿಕೆ ಉಂಟೇ?
— ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಉತ್ತರ: ಉಂಟು, ಅದೂ ನಿಮ್ಮ ಕಸುಬಿನವರದೇ ಕರಾಮತ್ತು. 2003ರ ಡಿಸೆಂಬರ್ 21ರಂದು ಬಣ್ಣ ಕಿತ್ತಳೆಗೆ ಏರಿತು. ಕ್ರಿಸ್‌ಮಸ್ ಹೊತ್ತಿಗೆ ಪ್ಯಾರಿಸ್‌ನಿಂದ ಲಾಸ್ ಏಂಜಲೀಸ್‌ಗೆ ಹೋಗುವ ಏರ್ ಫ್ರಾನ್ಸ್ ವಿಮಾನಗಳು ರದ್ದಾದವು. ಕಾರಣ ಏನೆಂದು ಹೊರಬಂದದ್ದು ವರ್ಷಗಳ ಮೇಲೆ. ನೆವಾಡಾದ ಸಾಫ್ಟ್‌ವೇರ್ ಗುತ್ತಿಗೆದಾರನೊಬ್ಬ ಅಲ್-ಜಝೀರಾ ಪ್ರಸಾರದ ಚಿತ್ರಗಳಲ್ಲಿ ಅಲ್-ಖೈದಾದ ರಹಸ್ಯ ಸಂಕೇತಗಳು ಅಡಗಿವೆ, ಅವನ್ನು ಬಿಡಿಸುವ ಪ್ರೋಗ್ರಾಂ ತನ್ನಲ್ಲಿದೆ ಎಂದು ಸಿಐಎಯನ್ನು ನಂಬಿಸಿದ್ದ. ಆ 'ಸಂಕೇತ'ಗಳಲ್ಲಿ ವಿಮಾನಗಳ ಸಂಖ್ಯೆಗಳು ಕಾಣಿಸಿದ್ದವಂತೆ. ವಿಮಾನ ನಿಲ್ಲಿಸಬೇಕಾಗಿ ಬಂದ ಫ್ರೆಂಚರು ಸಿಟ್ಟಿಗೆದ್ದು ತಮ್ಮ ತಜ್ಞರಿಂದ ಪರೀಕ್ಷೆ ಮಾಡಿಸಿದರು. ಅಷ್ಟೊಂದು ಸಂದೇಶ ಅಡಗಿಸಲು ಬೇಕಾದಷ್ಟು ಪಿಕ್ಸೆಲ್ಲುಗಳೇ ಆ ಚಿತ್ರದಲ್ಲಿಲ್ಲ ಎಂದು ಗೊತ್ತಾಯಿತು.

ಇದರಲ್ಲಿ ಚುನಾವಣೆ ಇಲ್ಲ, ಸಂಚಿಲ್ಲ. ಹೆದರಿದ ಅಧಿಕಾರಿಗಳು, ದುಡ್ಡು ಕಂಡ ಗುತ್ತಿಗೆದಾರ, ಪ್ರಶ್ನೆ ಕೇಳದ ಮೇಲಿನವರು. ರಾಜಕೀಯ ಶುರುವಾದದ್ದು ಆಮೇಲೆ, ಮೋಸಹೋದದ್ದನ್ನು ಮುಚ್ಚಿಡುವಾಗ.

ಪ್ರಶ್ನೆ: ಬ್ರಿಟನ್ನಿನಲ್ಲಿ ಈ ಗೊಂದಲ ಇಲ್ಲವಂತೆ, ಹೌದೇ? ನಮ್ಮಲ್ಲಿ ಆಗಸ್ಟ್ 15, ಜನವರಿ 26 ಬಂದರೆ 'ಹೈ ಅಲರ್ಟ್' ಎಂದು ಪತ್ರಿಕೆ ತುಂಬ ಬರುತ್ತದೆ. ಅದರ ಅರ್ಥವೇನು?
— ಪತ್ರಿಕೋದ್ಯಮ ವಿದ್ಯಾರ್ಥಿ, ಮಂಗಳೂರು

ಉತ್ತರ: ಬ್ರಿಟನ್ ಕಲಿತದ್ದು ಬಿದ್ದ ಮೇಲೆಯೇ. 2003ರ ಫೆಬ್ರವರಿ 11ರಂದು ಹೀಥ್ರೂ ವಿಮಾನ ನಿಲ್ದಾಣದ ಸುತ್ತ ಕವಚ ವಾಹನಗಳು, 450ರಷ್ಟು ಸೈನಿಕರು ಬಂದು ನಿಂತರು. ವಿಮಾನದ ಮೇಲೆ ಕ್ಷಿಪಣಿ ಹಾರಿಸುವ ಸಂಚಿದೆ ಎಂಬುದು ಕಾರಣ. ನಾಲ್ಕು ದಿನದ ಮೇಲೆ ಲಂಡನ್ನಿನಲ್ಲಿ ಯುದ್ಧವಿರೋಧಿ ಮಹಾ ಮೆರವಣಿಗೆ ಇತ್ತು. ಜನ ಎರಡನ್ನೂ ಜೋಡಿಸಿ ನೋಡದೆ ಬಿಡುತ್ತಾರೆಯೇ? ಆ ವರ್ಷವೇ ಗುಪ್ತಚರ ಸಂಸ್ಥೆ ಎಂಐ5ರ ಆಶ್ರಯದಲ್ಲಿ ಜೆಟ್ಯಾಕ್ ಎಂಬ ವಿಶ್ಲೇಷಣಾ ಕೇಂದ್ರ ಶುರುವಾಯಿತು. ಅಪಾಯದ ಮಟ್ಟ ನಿರ್ಧರಿಸುವುದು ಈಗ ಅಲ್ಲಿನ ವಿಶ್ಲೇಷಕರು, ಮಂತ್ರಿಗಳಲ್ಲ. 2006ರ ಆಗಸ್ಟ್ 1ರಿಂದ ಅದನ್ನು ಸಾರ್ವಜನಿಕವಾಗಿ ಪ್ರಕಟಿಸುತ್ತಾರೆ. 2017ರ ಮೇ ತಿಂಗಳಲ್ಲಿ, ಚುನಾವಣಾ ಪ್ರಚಾರದ ನಟ್ಟನಡುವೆ, ಮ್ಯಾಂಚೆಸ್ಟರ್ ಸ್ಫೋಟವಾದಾಗ ಮಟ್ಟ ತುತ್ತತುದಿಗೆ ಏರಿತು. ನಾಲ್ಕೇ ದಿನದಲ್ಲಿ ಇಳಿಯಿತು. ಮಂತ್ರಿಗಳ ಕೈಯಲ್ಲಿದ್ದಿದ್ದರೆ ಅಷ್ಟು ಬೇಗ ಇಳಿಯುತ್ತಿತ್ತೇ ಎಂಬುದು ನನ್ನ ಅನುಮಾನ. ಅಮೆರಿಕವೂ 2011ರಲ್ಲಿ ಬಣ್ಣ ಕೈಬಿಟ್ಟು, ಎಚ್ಚರಿಕೆಗೊಂದು ಕೊನೆಯ ದಿನಾಂಕ ಇರಲೇಬೇಕೆಂಬ ಹೊಸ ಪದ್ಧತಿ ತಂದಿತು. ಆಮೇಲೆ ಬಂದ ಸೂಚನಾ ಪತ್ರಗಳನ್ನು ದಿನಾಂಕ ಮುಗಿದಂತೆಲ್ಲ ನವೀಕರಿಸುತ್ತ ಹೋದದ್ದೂ ಉಂಟು.

ಜನರ ಮುಂದಿಡುವ ಇಂಥ ಹಂತಗಳ ಪಟ್ಟಿ ನಮ್ಮಲ್ಲಿಲ್ಲ. 'ಹೈ ಅಲರ್ಟ್' ಎಂದರೆ ಏನು ಹೆಚ್ಚಾಯಿತು, ಯಾರು ಹೇಳಿದರು, ಎಂದಿಗೆ ಮುಗಿಯುತ್ತದೆ, ಒಂದೂ ತಿಳಿಯುವುದಿಲ್ಲ. ಮೂಲಗಳು ತಿಳಿಸಿವೆ ಎಂಬುದಷ್ಟೇ. ಕೊಲಂಬೊ ಸ್ಫೋಟದ ಐದು ದಿನಕ್ಕೆ ಬೆಂಗಳೂರು ಪೊಲೀಸರಿಗೆ ಒಂದು ಫೋನ್ ಬಂತು. ತಮಿಳುನಾಡಿನ ರಾಮನಾಥಪುರದಲ್ಲಿ 19 ಉಗ್ರರು ಸೇರಿದ್ದಾರೆ, ದಕ್ಷಿಣದ ಊರುಗಳಲ್ಲಿ, ರೈಲುಗಳಲ್ಲಿ ಸ್ಫೋಟ ಆಗುತ್ತದೆ ಎಂದಿತು ದನಿ. ಕರ್ನಾಟಕ ಪೊಲೀಸ್ ಮುಖ್ಯಸ್ಥರು ನೆರೆ ರಾಜ್ಯಗಳಿಗೆಲ್ಲ ಪತ್ರ ಬರೆದರು, ತಮಿಳುನಾಡು-ಕೇರಳದ ನಿಲ್ದಾಣಗಳಲ್ಲೆಲ್ಲ ತಪಾಸಣೆ ನಡೆಯಿತು. ಒಂದು ದಿನದೊಳಗೆ ಸಿಕ್ಕವನು ಬೆಂಗಳೂರಿನ ಅಂಚಿನಲ್ಲಿದ್ದ ಒಬ್ಬ ಲಾರಿ ಚಾಲಕ, ಮಾಜಿ ಸೈನಿಕ. ಹೇಳಿದ್ದೆಲ್ಲ ಕಟ್ಟುಕತೆ. ಅಂಥ ಹೊತ್ತಿನಲ್ಲಿ ಪೊಲೀಸರು ಸುಮ್ಮನಿರುವಂತೆಯೂ ಇರಲಿಲ್ಲ, ಅದನ್ನು ತಪ್ಪೆನ್ನಲಾರೆ.

ನೀವು ನಾಳೆ ವರದಿಗಾರರಾಗುವವರು. ಹೈ ಅಲರ್ಟ್ ಸುದ್ದಿ ಬರೆದ ದಿನವೇ ಡೈರಿಯಲ್ಲಿ ಮೂರು ವಾರ ಮುಂದಿನ ಒಂದು ದಿನಕ್ಕೆ ಗುರುತು ಹಾಕಿ. ಅಂದು ಅದೇ ಅಧಿಕಾರಿಗೆ ಫೋನ್ ಮಾಡಿ, ಅಲರ್ಟ್ ಇನ್ನೂ ಇದೆಯೇ, ಇಲ್ಲದಿದ್ದರೆ ತೆಗೆದವರು ಯಾರು ಎಂದು ಕೇಳಿ. ಉತ್ತರ ಬಂದರೆ ನನಗೂ ಬರೆದು ತಿಳಿಸಿ.